ಎಮ್ಮೆ ಕಾಯಲು ಹೋದ ಮಗಳು

ನಾನು 32 ವರ್ಷ ಮೇಷ್ಟರಾಗಿದ್ದವನು. ಅಷ್ಟೂ ವರ್ಷ, ಪಾಠ ಒಂದು ದಿನ ತಪ್ಪಿದರೂ, ಒಂದು ಮಾತನ್ನು ಮಾತ್ರ ತಪ್ಪದೆ ಹೇಳಿದ್ದೇನೆ: "ಓದ್ದೇ ಇದ್ರೆ ಎಮ್ಮೆ ಕಾಯಕ್ಕೋಗಬೇಕಾಯ್ತದೆ, ನೋಡ್ಕಳಿ." ಪಾಂಡವಪುರ ತಾಲ್ಲೂಕಿನ ನಮ್ಮ ಚಿನಕುರಳಿಯಂಥ ಊರಿನಲ್ಲಿ ಈ ಬೆದರಿಕೆಗೆ ತೂಕವಿತ್ತು. ಶಾಲೆಯ ಕಿಟಕಿಯಾಚೆಯೇ ಎಮ್ಮೆಗಳು ನಾಲೆಯ ಕಡೆ ಹೋಗುವುದು ಕಾಣುತ್ತಿತ್ತು. ತೊಂದರೆ ಎಂದರೆ, ಅವುಗಳ ಹಿಂದೆ ಕೋಲು ಬೀಸಿಕೊಂಡು ಹೋಗುತ್ತಿದ್ದ ಹುಡುಗ ನನ್ನ ತರಗತಿಯ ಯಾವ ಹುಡುಗನಿಗಿಂತಲೂ ಖುಷಿಯಾಗಿ ಕಾಣುತ್ತಿದ್ದ.

ಈ ಮಾತನ್ನು ನಿಜಕ್ಕೂ ತಲೆಗೆ ಹಾಕಿಕೊಂಡವಳು ನನ್ನ ಮಗಳೊಬ್ಬಳೇ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವುದು ಅವಳ ಕೆಲಸ. ಕ್ಯಾನು ಹಿಡಿದು ಸರದಿಯಲ್ಲಿ ನಿಂತು, ಪರೀಕ್ಷೆಯಾದ ಮೇಲೆ ಫ್ಯಾಟು ಎಷ್ಟು ಬಂತು ಎಂದು ಇಣುಕಿ ನೋಡಿ, ಮನೆಗೆ ಬಂದು ಪರೀಕ್ಷೆಯ ಫಲಿತಾಂಶದಂತೆ ಘೋಷಿಸುತ್ತಿದ್ದಳು. "ಹಸೀಂದು ಮೂರೂವರೆ, ಎಮ್ಮೇದು ಏಳು. ಎಮ್ಮೆ ಫಸ್ಟ್ ಕ್ಲಾಸು." ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಓದಿದಳು, ಚೆನ್ನಾಗಿಯೇ ಓದಿದಳು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಸೇರಿದಳು. ಮುಗಿಸಿದವಳೇ ಇಟಲಿಯ ನೇಪಲ್ಸಿನಲ್ಲಿ ಪಿಎಚ್.ಡಿ.ಗೆ ಸ್ಕಾಲರ್‌ಶಿಪ್ ಸಿಕ್ಕಿದೆ ಎಂದಳು. ವಿಶ್ವವಿದ್ಯಾಲಯ 1224ರಲ್ಲಿ ಶುರುವಾದದ್ದು, ಅಂದರೆ ಇಲ್ಲಿ ಹೊಯ್ಸಳರು ಆಳುತ್ತಿದ್ದಾಗಲೇ ಅಲ್ಲಿ ಪರೀಕ್ಷೆ ನಡೆಯುತ್ತಿತ್ತು. ನನ್ನ ಎದೆ ಉಬ್ಬಿತು.

"ಯಾವುದರ ಮೇಲೆ ಮಗಾ ಸಂಶೋಧನೆ?"

"ಎಮ್ಮೆ ಮೇಲೆ ಅಪ್ಪಾ."

ಓದದಿದ್ದರೆ ನಾಲೆ ಏರಿಯ ಮೇಲೆ ಕಾಯಬೇಕಾಗಿದ್ದ ಎಮ್ಮೆಯನ್ನು, ಓದಿದ್ದರಿಂದ ಏಳು ಸಾವಿರ ಕಿಲೋಮೀಟರು ಆಚೆ ಹೋಗಿ ಕಾಯುವಂತಾಯಿತು. ಊರಿನ ಟೀ ಅಂಗಡಿಯಲ್ಲಿ ಇದನ್ನು ವಿವರಿಸುವುದು ನನ್ನ ವೃತ್ತಿಜೀವನದ ಅತ್ಯಂತ ಕಷ್ಟದ ಪಾಠ.

"ಮೇಷ್ಟ್ರ ಮಗಳು ಅಲ್ಲೇನ್ ಮಾಡ್ತಾವ್ಳೆ?"

"ಎಮ್ಮೆ ಹಾಲಿನ ಮೇಲೆ ಸಂಶೋಧನೆ."

"ಅಷ್ಟ್ ದೂರ ಯಾಕೋಗ್ಬೇಕಿತ್ತು? ನಮ್ಮನೇಲೇ ಎಲ್ಡವೆ."

ಅವಳು ಹೋಗಿ ಒಂದು ವರ್ಷ ಹತ್ತು ತಿಂಗಳಾದರೂ ಊರಿಗೆ ಬರಲಿಲ್ಲ. ಕೇಳಿದಾಗೆಲ್ಲ, ಈಗ ಎಮ್ಮೆ ಈಯೋ ಕಾಲ, ಈಗ ಸ್ಯಾಂಪಲ್ ತೆಗೆಯೋ ಕಾಲ ಎನ್ನುತ್ತಿದ್ದಳು. ಎಮ್ಮೆಯನ್ನು ನೆಪ ಮಾಡಿ ಶಾಲೆಗೆ ಚಕ್ಕರ್ ಹಾಕುತ್ತಿದ್ದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಡಾಕ್ಟರಾಗುವವಳನ್ನು ಏನು ಮಾಡುವುದು? ಕೊನೆಗೆ ನಾವೇ ಹೊರಟೆವು. ವೀಸಾದ ರಗಳೆಗೆ ಹೆದರಿ, ಬೆಂಗಳೂರಿನ ಪ್ರವಾಸ ಕಂಪನಿಯೊಂದರ ಹನ್ನೊಂದು ದಿನ ಆರು ದೇಶಗಳ ಮೂಟೆಯೊಳಗೆ ಸೇರಿಕೊಂಡೆವು. ಆರು ದೇಶಗಳಲ್ಲಿ ನಮಗೆ ಬೇಕಾಗಿದ್ದದ್ದು ಕೊನೆಯ ದೇಶದ ಕೊನೆಯ ದಿನ. ರೋಮಿನಲ್ಲಿ ಒಂದು ಭಾನುವಾರ, 'ಸ್ವಂತ ವಿಹಾರ' ಎಂದು ಕಾಗದದಲ್ಲಿ ಅಚ್ಚಾಗಿತ್ತು. ಉಳಿದ ಹತ್ತು ದಿನಗಳನ್ನು ಮದುವೆ ಊಟದ ಮುಂಚಿನ ಮಂತ್ರದ ಹಾಗೆ ಸಹಿಸಿಕೊಂಡೆವು.

ಹೊರಡುವ ಮುನ್ನ ಮನೆಯಲ್ಲಿ ತುಪ್ಪದ ಗಲಾಟೆ. ನಮ್ಮನೆಯವಳು ಕೃಷ್ಣರಾಜಪೇಟೆ ಕಡೆಯವಳು, ಬರಿಗೈಯಲ್ಲಿ ಮಕ್ಕಳ ಮನೆಗೆ ಹೋಗುವುದು ಅವರ ವಂಶದಲ್ಲೇ ಇಲ್ಲ. ಎರಡು ತಿಂಗಳಿಂದ ಬೆಣ್ಣೆ ಕೂಡಿಟ್ಟು ಕಾಯಿಸಿದ ಎರಡು ಕೆಜಿ ಎಮ್ಮೆ ತುಪ್ಪ ಚೀಲಕ್ಕೆ ಇಳಿಯಿತು. ಯುರೋಪಿನ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಹಾಲಿನ ಮೇಲೆಯೇ ಸಂಶೋಧನೆ ಮಾಡುವ ಮಗಳು ಇದನ್ನು ಫೋನಿನಲ್ಲಿ ಮೂರು ಸಲ ಹೇಳಿದಳು.

"ಅಲ್ಲಾ ಕಣಿ, ಅವರ ಎಮ್ಮೆ ನೋಡ್ಕಳಕ್ಕೆ ನಮ್ಮಗಳು ಬೇಕು, ನಮ್ಮೆಮ್ಮೆ ತುಪ್ಪ ಬ್ಯಾಡ್ವಾ?" ಎಂದು ಇವಳು ನನ್ನನ್ನು ಕೇಳಿದಳು. ಒಕ್ಕೂಟದ ಪರವಾಗಿ ನನ್ನಲ್ಲಿ ಉತ್ತರವಿರಲಿಲ್ಲ. ತುಪ್ಪ ಬೆಂಗಳೂರಿನ ಭಾಮೈದುನನ ಮನೆಯಲ್ಲಿ ಇಳಿಯಿತು. ಅದರ ಜಾಗಕ್ಕೆ ಮೂರು ಕೆಜಿ ರಾಗಿಹಿಟ್ಟು, ಒಂದು ಕೆಜಿ ಹುರುಳಿಕಾಳು, ಖಾರದಪುಡಿ, ಮತ್ತೆ ಮುದ್ದೆ ತೊಳಸುವ ಕೋಲು ಹತ್ತಿದವು. ಆ ಕೋಲು ಪ್ಯಾರಿಸ್, ಜ್ಯೂರಿಚ್ ಎಲ್ಲ ನೋಡಿಕೊಂಡು ಬಂದಿದೆ.

2025ರ ಜೂನ್ 29. ರೋಮಿನ ತೆರ್ಮಿನಿ ನಿಲ್ದಾಣದಲ್ಲಿ ಬೆಳಗ್ಗೆಯೇ ಜನಜಾತ್ರೆ. 25 ವರ್ಷಕ್ಕೊಮ್ಮೆ ಬರುವ ಅವರ ಪವಿತ್ರ ವರ್ಷವಂತೆ, ಮೇಲುಕೋಟೆಯ ವೈರಮುಡಿಯ ರಾತ್ರಿಯನ್ನು ಇಡೀ ವರ್ಷಕ್ಕೆ ಹಿಗ್ಗಿಸಿದ ಹಾಗಿತ್ತು. ನಮ್ಮ ರೈಲಿನ ಹೆಸರು ಕೆಂಪು ಬಾಣ ಎಂದು ಮಗಳು ಹೇಳಿದ್ದಳು. ಇನ್ನೂರು ಚಿಲ್ಲರೆ ಕಿಲೋಮೀಟರು ದೂರವನ್ನು ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಸಿತು. ಹಿಂದೆ ಸಿಂಗಲ್ ಲೈನಿದ್ದಾಗ ಮೈಸೂರು ಪ್ಯಾಸೆಂಜರು ನಮ್ಮ ಪಾಂಡವಪುರದಲ್ಲಿ ಕ್ರಾಸಿಂಗಿಗೆ ಅಂತ ನಿಂತರೆ ಅಷ್ಟು ಹೊತ್ತು ನಿಲ್ಲುತ್ತಿತ್ತು.

ಇಳಿದ ಕೂಡಲೇ ಇವಳ ಕಣ್ಣಿಗೆ ಬಿದ್ದದ್ದು ಬೋರ್ಡು. ನೇಪಲ್ಸ್ ಎಂಬುದು ಇಂಗ್ಲಿಷಿನವರ ಬಾಯಿಯ ಹೆಸರು, ಊರಿನವರು ಬರೆದುಕೊಳ್ಳುವುದು ನಾಪೋಲಿ. ಇವಳು ಅಕ್ಷರ ಕೂಡಿಸಿ ಓದಿದಳು: "ನಾ... ಪೋಲಿ." ಸ್ಟೇಷನ್ನಿನಲ್ಲೇ ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪ್ಲಾಟ್‌ಫಾರಂ ತುದಿಯಲ್ಲಿ ಮಗಳು ನಿಂತಿದ್ದಳು. ಸಣ್ಣಗಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ಸುತ್ತ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಎರಡು ಕೆನ್ನೆಗೂ ಮುತ್ತು ಕೊಡುತ್ತಿದ್ದರು. ನಮ್ಮ ಕಡೆ ಅದೆಲ್ಲ ಅಭ್ಯಾಸವಿಲ್ಲ. ರೈಲಿನುದ್ದಕ್ಕೂ ಮೊದಲ ಮಾತು ಏನಿರಬೇಕೆಂದು ನಾನು ಯೋಚಿಸಿ ಇಟ್ಟುಕೊಂಡಿದ್ದೆ, ಒಂದೆರಡು ಒಳ್ಳೆಯ ವಾಕ್ಯಗಳೂ ಇದ್ದವು. ಹತ್ತಿರ ಬಂದಾಗ ಬಾಯಿಂದ ಬಂದದ್ದು: "ಕಟ್ಟೆ ತುಂಬ್ತು ಕನಮ್ಮಿ."

ಮಗಳು ನನ್ನ ಕೈಚೀಲ ತೆಗೆದುಕೊಳ್ಳುತ್ತಾ, "ಎಷ್ಟಡಿ?" ಎಂದಳು.

"ನೂರಿಪ್ಪತ್ನಾಕು ದಾಟದೆ. ನಾಳೆ ಮುಖ್ಯಮಂತ್ರಿ ಬಾಗಿನ ಬಿಡ್ತಾರಂತೆ."

"ಜೂನ್‌ನಲ್ಲೇ?" ಎಂದವಳು ಅಲ್ಲೇ ನಿಂತು ಅಳತೊಡಗಿದಳು.

ಬೇರೆ ಜಿಲ್ಲೆಯವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಮಂಡ್ಯ ಜಿಲ್ಲೆಯವನಿಗೆ ತನ್ನ ರಕ್ತದ ಒತ್ತಡ ಎಷ್ಟೆಂದು ಗೊತ್ತಿರುವುದಿಲ್ಲ, ಕನ್ನಂಬಾಡಿ ಕಟ್ಟೆಯ ಮಟ್ಟ ಗೊತ್ತಿರುತ್ತದೆ. 124.80 ಎನ್ನುವುದು ನಮಗೆ ಪೂರ್ಣಾಂಕ. ಆ ವರ್ಷ ಅದು ಜೂನಿನಲ್ಲೇ ಬಂದುಬಿಟ್ಟಿತ್ತು.

ಇವಳು ಮಾತ್ರ ನಮ್ಮಿಬ್ಬರನ್ನೂ ಅತ್ತ ಸರಿಸಿ, ಮಗಳ ಕತ್ತರಿಸಿದ ಕೂದಲು ಹಿಡಿದು, "ಯಾವೋಳು ಇದ ಕುಯ್ದೋಳು?" ಎಂದು ಕೇಳಿದಳು. ಅಲ್ಲಿಗೆ ಭೇಟಿ ಸಾಂಗವಾಯಿತು.

ಊರು ನೋಡಲು ಹೊರಟೆವು. ಗ್ರೀಕರು ಕಟ್ಟಿದ ಊರಂತೆ. ನಿಯಾಪೊಲಿಸ್ ಎಂದರೆ ಹೊಸ ಪಟ್ಟಣ. ಅಂದರೆ ಹೊಸೂರು. ಎರಡೂವರೆ ಸಾವಿರ ವರ್ಷ ಹಳೆಯ ಹೊಸೂರು. ಅಷ್ಟು ವರ್ಷದ ಕಸದಲ್ಲಿ ಒಂದಿಷ್ಟು ಇನ್ನೂ ಅಲ್ಲೇ ಇದೆ. ಆರು ದೇಶ ತಿರುಗಿದರೂ ಹಾರನ್ ಸದ್ದು ಕೇಳದೆ ನನ್ನ ಕಿವಿ ಬಿಕೋ ಎನ್ನುತ್ತಿತ್ತು. ಇಲ್ಲಿ ಬಂದಾಗ ಜೀವ ಬಂತು. ಒಂದೇ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ನಡುವೆ ಮಗು, ಮುಂದೆ ಕಲ್ಲಂಗಡಿ ಹಣ್ಣು. ಹೆಲ್ಮೆಟ್ಟು ಮೊಣಕೈಗೆ. ಎದುರು ಮನೆಗೂ ಈ ಮನೆಗೂ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಯಾರದೋ ಲಂಗದ ಕೆಳಗೆ ನಾವು ಪ್ರವಾಸಿಗಳು ತಲೆ ಬಗ್ಗಿಸಿ ನಡೆದೆವು. ರೋಮಿನಲ್ಲಿ ತುಟಿ ಬಿಚ್ಚದ ಇವಳು ಇಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

ಒಂದು ಓಣಿಯಲ್ಲಿ ಹುಡುಗರ ಗುಂಪೊಂದು "ಯಮ್ಮೆ! ಯಮ್ಮೆ!" ಎಂದು ಕೂಗುತ್ತಾ ಓಡಿ ಬಂತು. ಇವಳು ನನ್ನನ್ನು ಗೋಡೆಗೆ ಎಳೆದುಕೊಂಡು, "ಇತ್ತಾಗ್ ಬನ್ನಿ, ಎಮ್ಮೆ ಬತ್ತಾವೆ," ಎಂದಳು. ನಾನೂ ತಿರುಗಿ ನೋಡಿದೆ. ಎಮ್ಮೆ ಇರಲಿಲ್ಲ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಊರಿನ ಮಾತಿನಲ್ಲಿ 'ಯಮ್ಮೆ' ಎಂದರೆ 'ನಡೀರಿ ಹೋಗೋಣ' ಎಂದಂತೆ. ಬಂದ ಹೊಸದರಲ್ಲಿ ತನಗೂ ಹೀಗೇ ಆಗಿತ್ತಂತೆ. ವಿಭಾಗದ ಗೆಳತಿಯರು ಸಂಜೆ "ಯಮ್ಮೆ" ಎಂದಾಗಲೆಲ್ಲ ಇವರಿಗೆ ಕೆಲಸದ ಮೇಲೆ ಎಷ್ಟು ಶ್ರದ್ಧೆ ಎಂದುಕೊಂಡಿದ್ದಳಂತೆ.

ಆ ಊರಿನ ಮಾತು ಎಂದೆ. ಅದು ಪಠ್ಯಪುಸ್ತಕದ ಇಟಾಲಿಯನ್ ಅಲ್ಲ. ನೇಪಲ್ಸಿನವರು ಪದಗಳ ಬಾಲ ನುಂಗುತ್ತಾರೆ. ಉತ್ತರದವರು ಕೇಳಿ ನಗುತ್ತಾರೆ. ಸಿನಿಮಾದಲ್ಲಿ ಹಾಸ್ಯಕ್ಕೆ ಬೇಕಾದರೆ ಈ ಭಾಷೆ ಹಾಕುತ್ತಾರೆ. ಕೇಳಿದ್ದೇ ನನಗೆ ನಮ್ಮ ಮಂಡ್ಯದ ಕನ್ನಡ ನೆನಪಾಯಿತು. ನಮ್ಮ 'ಹೈದ'ನಿಗೆ ಅಲ್ಲಿ 'ಗ್ವಾಲ್ಯೋ' ಎನ್ನುತ್ತಾರೆ. ಬೈಯಲಿಕ್ಕೂ ಅದೇ, ಮುದ್ದಿಗೂ ಅದೇ, ನಾವು 'ಲಾ' ಸೇರಿಸುವ ಹಾಗೆ. ಶಾಲೆಯಲ್ಲಿ ನಾನು "ಹ ಕಾರ ಉಚ್ಚರಿಸ್ರೋ" ಎಂದು ಬೆತ್ತ ಹಿಡಿದು ತಿದ್ದಿದವನು. ಅಲ್ಲಿ ನಿಂತು ಆ ಬೆತ್ತದ ಬಗ್ಗೆ ಸ್ವಲ್ಪ ನಾಚಿಕೆಯಾಯಿತು. ಅವರ ಭಾಷೆಯಲ್ಲೂ 'ಹ' ಬಾಯಿಗೆ ಬರುವುದಿಲ್ಲ.

ಊರಿನ ತುಂಬ ನೀಲಿ ಬಾವುಟ, ಎಲ್ಲೆಲ್ಲೂ 4 ಎಂಬ ಅಂಕೆ. ಒಂದು ತಿಂಗಳ ಹಿಂದೆ ಅವರ ಫುಟ್‌ಬಾಲ್ ತಂಡ ನಾಲ್ಕನೆಯ ಸಲ ದೇಶದ ಲೀಗ್ ಗೆದ್ದಿತ್ತು. ಮೊದಲ ಎರಡು ಸಲ, 1987 ಮತ್ತು 1990ರಲ್ಲಿ, ಗೆಲ್ಲಿಸಿಕೊಟ್ಟವನು ಮರಡೋನಾ. ಅವನ ಚಿತ್ರ ಗೋಡೆಯ ಮೇಲೆ, ಬಾಗಿಲ ಮೇಲೆ, ಮೀನಂಗಡಿಯಲ್ಲಿ ಮೇರಿಯಮ್ಮನ ಪಕ್ಕದಲ್ಲಿ. ಕಾಫಿ ಅಂಗಡಿಯೊಂದರಲ್ಲಿ ಅವನ ಕೂದಲೆಳೆಯನ್ನು ಗೂಡಿನಲ್ಲಿಟ್ಟು ದೀಪ ಹಚ್ಚಿದ್ದಾರೆ. ಗೊಂಬೆಗಳ ಬೀದಿ ಎಂದು ಒಂದಿದೆ, ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳನ್ನು ಮಾಡುವವರು ಅಲ್ಲಿ ವರ್ಷವಿಡೀ ಕೂತಿರುತ್ತಾರೆ. ನಮ್ಮ ದಸರೆಯ ಗೊಂಬೆ ಸಾಲಿನಲ್ಲಿ ರಾಜ ರಾಣಿ ಪಕ್ಕ ಶೆಟ್ಟಿ, ಪೊಲೀಸು ಎಲ್ಲ ಬರುವಂತೆ, ಅಲ್ಲಿ ಯೇಸುವಿನ ತೊಟ್ಟಿಲ ಪಕ್ಕ ಪಿಜ್ಜಾ ಬೇಯಿಸುವವನು, ರಾಜಕಾರಣಿ, ಮರಡೋನಾ.

"ಯಾರ ಮಗಾ ಈತ, ದೇವ್ರಾ?" ಎಂದು ಇವಳು ಕೇಳಿದಳು.

ಮಗಳು ಒಂದು ಗಳಿಗೆ ಯೋಚಿಸಿ, "ಅಂಬರೀಷಣ್ಣ ಅವ್ವಾ, ಇಲ್ಲಿಯವರ ಅಂಬರೀಷಣ್ಣ," ಎಂದಳು. ಇವಳು ತಕ್ಷಣ ಕೈಮುಗಿದಳು. ಇದಕ್ಕಿಂತ ಒಳ್ಳೆಯ ಭಾಷಾಂತರವನ್ನು ನಾನು ಕೇಳಿಲ್ಲ. ಮಂಡ್ಯದ ಗಂಡು ತೀರಿಕೊಂಡದ್ದು 2018ರ ನವೆಂಬರ್ 24, ಆ ಊರಿನ ಗಂಡು 2020ರ ನವೆಂಬರ್ 25. ಒಬ್ಬರ ಊರಿನ ಆಟೋ ಹಿಂದೆ, ಇನ್ನೊಬ್ಬರ ಊರಿನ ಗೋಡೆಯ ಮೇಲೆ. ಇಬ್ಬರೂ ಅಲ್ಲೇ ಇದ್ದಾರೆ.

ಕಾಫಿ ನಿಂತೇ ಕುಡಿಯಬೇಕು, ಒಂದೂವರೆ ಗುಟುಕು. ನಾನು ಅಭ್ಯಾಸಬಲದಿಂದ ಬೈ ಟೂ ಎನ್ನಹೊರಟೆ, ಆ ಲೋಟ ನೋಡಿ ಸುಮ್ಮನಾದೆ. ಆ ಕಾಫಿಯನ್ನು ಬೈ ಟೂ ಮಾಡಿದರೆ ಇಬ್ಬರಿಗೂ ವಾಸನೆ ಮಾತ್ರ ಬರುತ್ತದೆ. ಆದರೆ ಅಲ್ಲೊಂದು ಪದ್ಧತಿಯಿದೆ. ಒಂದು ಕಾಫಿ ಕುಡಿದು ಎರಡರ ದುಡ್ಡು ಕೊಟ್ಟು ಹೋಗುವುದು. ಕೈಯಲ್ಲಿ ಕಾಸಿಲ್ಲದವನು ಯಾರೋ ಆಮೇಲೆ ಬಂದು ಕುಡಿಯುತ್ತಾನೆ. ನಾವು ಒಂದರ ದುಡ್ಡಿನಲ್ಲಿ ಇಬ್ಬರು ಕುಡಿಯುವವರು, ಅವರು ಎರಡರ ದುಡ್ಡಿನಲ್ಲಿ ಒಬ್ಬರು. ಮಗಳು ಮೂರು ಕಾಫಿಗೆ ನಾಲ್ಕರ ದುಡ್ಡು ಕೊಟ್ಟಳು. ಮೇಷ್ಟ್ರ ಮಗಳಿಗೆ ಲೆಕ್ಕ ತಪ್ಪಿತೆಂದು ನಾನು ತಿದ್ದಲು ಹೋಗಿ ಮಂಗಣ್ಣನಾದೆ.

ಅವಳ ಬಾಡಿಗೆ ಮನೆ ನಾಲ್ಕನೆಯ ಮಹಡಿಯಲ್ಲಿ. ಲಿಫ್ಟು ಇಲ್ಲ. ಮೂರನೆಯ ಮಹಡಿಯಲ್ಲಿ ಮನೆಯೊಡತಿ ಅಜ್ಜಿ. ನಾವು ಬೀದಿಯಲ್ಲಿದ್ದಾಗಲೇ ಆಕೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದಳು. ಕೆಳಗಿನ ಅಂಗಡಿಯವನು ಬ್ರೆಡ್ಡು, ಟೊಮೆಟೊ ಇಟ್ಟು ಹಗ್ಗ ಅಲುಗಿಸಿದ, ಬುಟ್ಟಿ ಮೇಲೆ ಹೋಯಿತು. ಇವಳಿಗೆ ಅದು ಬಾವಿ ಸೇದುವುದನ್ನು ತಲೆಕೆಳಗು ಮಾಡಿದ ಹಾಗೆ ಕಂಡಿತು. ನೋಡಿ ನೋಡಿ, ನಮ್ಮ ರಾಗಿಹಿಟ್ಟಿನ ಚೀಲವನ್ನೂ ಅದರಲ್ಲೇ ಸೇದಿಸಿಬಿಟ್ಟಳು. ಹತ್ತಿ ಹೋಗುವಷ್ಟರಲ್ಲಿ ಇಬ್ಬರು ಹೆಂಗಸರೂ ನೆಂಟರಾಗಿದ್ದರು. ಇವಳು ಕನ್ನಡದಲ್ಲಿ, ಆಕೆ ತನ್ನ ಮಾತಿನಲ್ಲಿ, ಉಳಿದದ್ದು ಕೈಯಲ್ಲಿ. ಕೈ ಆಡಿಸಿ ಮಾತಾಡುವುದರಲ್ಲಿ ಆ ಊರಿಗೆ ಹೆಸರಿದೆ, ಆದರೂ ಅಂದು ಗೆದ್ದದ್ದು ಕೃಷ್ಣರಾಜಪೇಟೆ.

ನಮ್ಮೂರ ಹೆಸರೇನೆಂದು ಅಜ್ಜಿ ಕೇಳಿದಳು. ಚಿನಕುರಳಿ ಎಂದರೆ ಪಟಾಕಿಯ ಹೆಸರೂ ಹೌದು, 'ಪ್ರಜಾವಾಣಿ'ಯಲ್ಲಿ ದಿನಾ ಬರುವ ಪುಟ್ಟ ವ್ಯಂಗ್ಯಚಿತ್ರದ ಹೆಸರೂ ಹೌದು ಎಂದು ಮಗಳು ತಿಳಿಸಿದಳು. ಅಜ್ಜಿಗೆ ಪಟಾಕಿ ಮಾತ್ರ ಹಿಡಿಸಿತು. ನೇಪಲ್ಸಿನವರು ಹೊಸ ವರ್ಷದ ರಾತ್ರಿ ಪಟಾಕಿ ಹೊಡೆಯುವುದಕ್ಕೆ ಕುಖ್ಯಾತರು, ಅಲ್ಲಿ ಮರಡೋನಾ ಬಾಂಬು ಎಂದೇ ಒಂದಿತ್ತಂತೆ, ಪೊಲೀಸರು ಹಿಡಿಯುವಂಥದ್ದು. "ಹಾಗಾದರೆ ನೀವು ನಮ್ಮವರೇ," ಎಂದಳು.

ಮುದ್ದೆ ಆಯಿತು. ಹುರುಳಿಕಾಳಿನ ಬಸ್ಸಾರೂ ಆಯಿತು. ಕೋಲು ಆರು ದೇಶ ಸುತ್ತಿದ್ದು ಸಾರ್ಥಕವಾಯಿತು. ಅಜ್ಜಿ ಮುದ್ದೆಯನ್ನು ನೋಡಿ ಮೂಗು ಮುರಿದಳು. ಉತ್ತರ ಇಟಲಿಯವರು ಮುಸುಕಿನ ಜೋಳದ ಹಿಟ್ಟಿನಲ್ಲಿ ಪೊಲೆಂತ ಎಂದು ಇಂಥದ್ದೇ ಮಾಡುತ್ತಾರಂತೆ. ದಕ್ಷಿಣದವರು ಅವರನ್ನು ಬೈಯಬೇಕಾದರೆ 'ಪೊಲೆಂತ ತಿನ್ನೋರು' ಎನ್ನುವುದು ವಾಡಿಕೆ. ಹಿಟ್ಟು ತಿನ್ನುವವರನ್ನು ಅನ್ನ ತಿನ್ನುವವರು ಆಡಿಕೊಳ್ಳುವುದು ನಮಗೇನು ಹೊಸದೇ! ಆದರೂ ಒಂದು ತುತ್ತು ತಿಂದಳು, ಅಗಿದು ಅಗಿದು ತಿಂದಳು. "ಅಗೀಬ್ಯಾಡಿ, ನುಂಗಿ," ಎಂದು ಇವಳು ಗಂಟಲು ತೋರಿಸಿ ಹೇಳಿಕೊಟ್ಟಳು. ಎರಡನೆಯ ತುತ್ತು ಸಲೀಸಾಗಿ ಇಳಿಯಿತು. ಮೂರನೆಯದನ್ನು ಆಕೆ ಕೇಳಿ ಹಾಕಿಸಿಕೊಂಡಳು.

ಪ್ರತಿಯಾಗಿ ಮಗಳು ತನ್ನ ವಿದ್ಯೆಯ ಫಲವನ್ನು ತಟ್ಟೆಯಲ್ಲಿಟ್ಟಳು. ನೀರಿನಲ್ಲಿ ಮುಳುಗಿಸಿಟ್ಟ ಬೆಳ್ಳನೆಯ ಉಂಡೆ, ಎಮ್ಮೆ ಹಾಲಿನ ಮೊಝರೆಲ್ಲ. ಕಾಂಪಾನಿಯ ಸೀಮೆಯ ಈ ಗಿಣ್ಣಕ್ಕೆ 1996ರಲ್ಲೇ ಯುರೋಪಿನ ರಕ್ಷಣೆ ಸಿಕ್ಕಿದೆ, ನಮ್ಮ ನಂಜನಗೂಡು ರಸಬಾಳೆಗೆ ಸಿಕ್ಕಂಥದ್ದು. ಬಿಸಿ ನೀರಿನಲ್ಲಿ ಮೊಸರಿನ ಗಡ್ಡೆಯನ್ನು ಎಳೆದೆಳೆದು ನಾದಿ, ಕೈಯಲ್ಲಿ ಹಿಂಡಿ ತುಂಡರಿಸುತ್ತಾರೆ. ಆ ತುಂಡರಿಸುವುದಕ್ಕೇ ಅದರ ಹೆಸರು. ಕೊಯ್ದರೆ ಹಾಲು ಜಿನುಗಿತು. ಇವಳು ಬಾಯಿಗಿಟ್ಟು, ಕಣ್ಣು ಮುಚ್ಚಿ, ಡೇರಿ ಕಾರ್ಯದರ್ಶಿಗಿಂತ ಗಂಭೀರವಾಗಿ ತೀರ್ಪು ಕೊಟ್ಟಳು: "ಹಾಲು ಒಳ್ಳೇದು. ಗಿಣ್ಣು ಮಾಡಕ್ಕೆ ಬರಾಕಿಲ್ಲ ಇವ್ರಿಗೆ. ಬೆಲ್ಲ ಏಲಕ್ಕಿ ಹಾಕ್ಬೇಕಿತ್ತು."

ಊಟವಾದ ಮೇಲೆ ಮಗಳು ಫೋನಿನಲ್ಲಿ ತನ್ನ ಎಮ್ಮೆಗಳ ವಿಡಿಯೊ ತೋರಿಸಿದಳು. ಕಸೆರ್ತ ಕಡೆಯ ಕೊಟ್ಟಿಗೆ, ಮಂಡ್ಯದ ಕಲ್ಯಾಣ ಮಂಟಪದಷ್ಟು ದೊಡ್ಡದು. ಎಮ್ಮೆಗಳಿಗೆ ಮೈ ಉಜ್ಜಿಕೊಳ್ಳಲು ತಾನೇ ತಿರುಗುವ ಬ್ರಷ್ಷು, ಬೇಸಿಗೆಗೆ ನೀರಿನ ತುಂತುರು. ಬಣ್ಣ, ಕಣ್ಣು, ಆ ಅಲಕ್ಷ್ಯ ಎಲ್ಲ ನಮ್ಮ ಎಮ್ಮೆಯದೇ. ಇವೂ ನಮ್ಮ ನದಿ ಎಮ್ಮೆಗಳ ದಾಯಾದಿಗಳೇ ಅಪ್ಪಾ, ಮೂಲ ನಮ್ಮ ಕಡೆಯದೇ ಎಂದು ಮಗಳು ಹೇಳಿದಳು. ಅಷ್ಟರಲ್ಲಿ ವಿಡಿಯೊದಲ್ಲಿ ಅವಳ ದನಿ ಕೇಳಿತು. ಹಾಲು ಕರೆಯುವ ಯಂತ್ರದ ಪಕ್ಕ ನಿಂತ ಎಮ್ಮೆಯೊಂದಕ್ಕೆ, "ಏಯ್, ಕಾಲ್ ತಗಿ," ಎಂದಳು. ಎಮ್ಮೆ ಕಾಲು ತೆಗೆಯಿತು. ಆ ರಾಗ ನನ್ನವ್ವನದು. ಅವ್ವ ಹೋಗಿ ಹದಿನಾಲ್ಕು ವರ್ಷವಾಗಿತ್ತು.

"ಕನ್ನಡ ಅರ್ಥವಾಗುತ್ತಾ ಅವಕ್ಕೆ?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಇಟಾಲಿಯನ್‌ನಲ್ಲಿ ಹೇಳಿದ್ರೆ ಒದೀತವೆ."

ಸಂಜೆ ಸಮುದ್ರದ ದಂಡೆಗೆ ಹೋದೆವು. ನೀರಿನೊಳಕ್ಕೆ ಚಾಚಿಕೊಂಡ ಮೊಟ್ಟೆ ಕೋಟೆ ಎಂಬುದೊಂದಿದೆ. ಅದರ ಬುಡದಲ್ಲಿ ಕವಿ ವರ್ಜಿಲ್ ಒಂದು ಮೊಟ್ಟೆ ಹೂತಿಟ್ಟಿದ್ದಾನೆ, ಅದು ಒಡೆದರೆ ಊರೇ ನಾಶ ಎಂದು ಕಥೆ. ನಗಲು ಹೋದವನು ತಡೆದುಕೊಂಡೆ. ನಮ್ಮ ಹೋಬಳಿಯ ಬೇಬಿ ಬೆಟ್ಟದಲ್ಲಿ ಕಲ್ಲು ಸಿಡಿಸಿದರೆ ಕನ್ನಂಬಾಡಿ ಕಟ್ಟೆಗೆ ಏನಾದರೂ ಆದೀತೆಂದು ಹೈಕೋರ್ಟಿನವರೆಗೆ ಹೋದವರು ನಾವು. ನಮ್ಮದು ಕಥೆಯೂ ಅಲ್ಲ. ಎದುರಿಗೆ ವೆಸೂವಿಯಸ್ ಬೆಟ್ಟ, ಕುಂತಿಬೆಟ್ಟದ ಹಾಗೆ ಎರಡು ತಲೆಯದು, ಕೊನೆಯ ಸಲ ಉಗುಳಿದ್ದು 1944ರಲ್ಲಿ. ಊರಿನ ಇನ್ನೊಂದು ಮಗ್ಗುಲಿನ ಪೊತ್ಸುವೊಲಿ ಕಡೆ ನೆಲವೇ ಉಬ್ಬುತ್ತಿದೆ. ಈ ತಿಂಗಳು ಎಷ್ಟು ಸೆಂಟಿಮೀಟರು ಏರಿತು ಎಂದು ಅಲ್ಲಿಯವರು ವಿಚಾರಿಸಿಕೊಳ್ಳುತ್ತಿರುತ್ತಾರಂತೆ. ಲೆಕ್ಕ ಇಡಲು 1841ರಲ್ಲೇ ಕಟ್ಟಿದ ವೀಕ್ಷಣಾಲಯವಿದೆ. ನಮಗೆ ಕಟ್ಟೆ ಎಷ್ಟಡಿ, ಅವರಿಗೆ ನೆಲ ಎಷ್ಟು ಸೆಂಟಿಮೀಟರು. ಏರಿದರೆ ನಾವು ಬಾಗಿನ ಬಿಡುತ್ತೇವೆ, ಅವರು ಮನೆ ಬಿಡುತ್ತಾರೆ.

ಮೇಷ್ಟ್ರ ಚಾಳಿ, ಅಲ್ಲೂ ಒಂದು ಪಾಠ ಮಾಡಿದೆ. ಈ ಸೀಮೆಯಿಂದ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸ್ವಿಟ್ ಪಾದ್ರಿ, 1648ರ ಹೊತ್ತಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ನಮ್ಮ ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿದ್ದ. ಕನ್ನಡ ಕಲಿತು ಕನ್ನಡದ ವ್ಯಾಕರಣವನ್ನೂ ಬರೆದ ಎಂದೆ. ನಮ್ಮ ಮಗಳಿಗಿಂತ ಮುನ್ನೂರೆಪ್ಪತ್ತೈದು ವರ್ಷ ಮೊದಲೇ ಇದೇ ದಾರಿಯಲ್ಲಿ ಒಬ್ಬ ಅತ್ತಲಿಂದ ಇತ್ತ ಬಂದಿದ್ದ ಎಂದು ಭಾವುಕನಾಗಿ ಮುಗಿಸಿದೆ.

ಇವಳು ಸಮುದ್ರ ನೋಡುತ್ತಾ, "ಅವನ ನೋಡಕ್ಕೆ ಅವರವ್ವ ಬಂದಿದ್ಲಾ ಶ್ರೀರಂಗಪಟ್ಣಕ್ಕೆ?" ಎಂದಳು.

ವ್ಯಾಕರಣದಲ್ಲಿ ಇದಕ್ಕೆ ಉತ್ತರವಿಲ್ಲ. ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ರಾತ್ರಿ ಎಂಟಕ್ಕೆ ರೈಲು. ಮರುದಿನ ಬೆಳಗ್ಗೆ ಏಳಕ್ಕೆ ಪ್ರವಾಸದ ಮ್ಯಾನೇಜರು ಹಳದಿ ಬಾವುಟ ಹಿಡಿದು ತಲೆ ಎಣಿಸುತ್ತಾನೆ. ಪ್ಲಾಟ್‌ಫಾರಂ ಮೇಲೆ ಇವಳು ಮಗಳ ಮುಖಕ್ಕೆ ಎರಡು ಕೈ ನೀವಿ, ತನ್ನ ಕೆನ್ನೆಗೊತ್ತಿ ನೆಟಿಗೆ ಮುರಿದಳು. ಅಷ್ಟೂ ಬೆರಳು ಸದ್ದು ಮಾಡಿದವು. ಪಕ್ಕದಲ್ಲಿದ್ದ ಊರಿನ ಹೆಂಗಸೊಬ್ಬಳು ಅದನ್ನು ನೋಡಿ ತಲೆಯಾಡಿಸಿ, ಕೊರಳಲ್ಲಿದ್ದ ಕೆಂಪು ಕೊಂಬಿನ ತಾಯಿತವನ್ನು ಮುಟ್ಟಿಕೊಂಡಳು. ಅವರಿಗೆ ದೃಷ್ಟಿಗೆ ಅದು. ನಾನು ಮಗಳಿಗೆ ಏನು ಹೇಳಬೇಕೆಂದು ಮತ್ತೆ ಹುಡುಕುತ್ತಿದ್ದೆ. ಅವಳೇ ಹೇಳಿದಳು: "ಯಮ್ಮೆ ಅಪ್ಪಾ, ಯಮ್ಮೆ. ರೈಲು ಹೊರಡ್ತದೆ."

ಈಗ ಊರಿನಲ್ಲಿದ್ದೇನೆ. ಸಂಜೆ ಮನೆಪಾಠಕ್ಕೆ ಬರುವ ಹುಡುಗರಿಗೆ ಎಮ್ಮೆಯ ಮಾತು ಹೇಳುವುದನ್ನು ಬಿಟ್ಟಿದ್ದೇನೆ. ಬದಲಿಗೆ ಹೇಳಲು ಇನ್ನೊಂದು ಪ್ರಾಣಿ ಸಿಕ್ಕಿಲ್ಲ. ಭಾಮೈದುನ ತುಪ್ಪವನ್ನು ಅರ್ಧ ಖಾಲಿ ಮಾಡಿ ವಾಪಸು ಕಳಿ­ಸಿದ. ಮೂರು ಕೆಜಿ ರಾಗಿಹಿಟ್ಟಿನಲ್ಲಿ ಒಂದೂವರೆ ಕೆಜಿಯನ್ನು ಅಜ್ಜಿಯೇ ಮುಗಿಸಿದಳೆಂದು ಮಗಳು ಫೋನು ಮಾಡಿದ್ದಳು, ಈಗ ನುಂಗುವುದು ಚೆನ್ನಾಗಿ ಬರುತ್ತದಂತೆ. ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಯಾರಾದರೂ ನೇಪಲ್ಸಿಗೆ ಹೋಗುವವರಿದ್ದರೆ ದಯವಿಟ್ಟು ತಿಳಿಸಿ. ನಾಲ್ಕು ಕೆಜಿ ಹಿಟ್ಟು ಬೀಸಿಸಿ ಇಟ್ಟಿದ್ದೇವೆ. ತುಪ್ಪ ಕೊಡುವುದಿಲ್ಲ, ಹೆದರಬೇಡಿ.